ಮರದ ಪಕ್ಕದವರು

ಓಕ್ಸ್‌ಡೌನ್, ಸಸೆಕ್ಸ್
೮ ನವೆಂಬರ್ ೧೯೮೭, ಭಾನುವಾರ

ರೂಬೆನ್,

ಆದರೆ ಲೀ ಎಂಬ ಹೆಸರಿನ ವಿಷಯದಲ್ಲಿ ಮಾತ್ರ ನಾನು ಹಿಂದೊಮ್ಮೆ ನಿನಗೆ ಹೇಳಿದ್ದು ಪೂರ್ತಿ ಸರಿಯಲ್ಲ. ಕಾಡಿನ ನಡುವೆ ಮರ ಕಡಿದು ಮಾಡಿಕೊಂಡ ಬಯಲು ಎಂದಿದ್ದೆ. ಈಗ ಕೂತು ಯೋಚಿಸಿದರೆ, ಅದಕ್ಕೂ ಹಿಂದಿನ ಕಾಲದಲ್ಲಿ ಅದೇ ಮಾತಿಗೆ ಕಾಡು ಎಂದೇ ಅರ್ಥವಿತ್ತೆಂದು ಕಾಲೇಜಿನಲ್ಲಿ ಮಿಸ್ ಪಾರ್ಜಿಟರ್ ಹೇಳಿದ್ದು ನೆನಪಾಗುತ್ತಿದೆ. ಮೊದಲು ಕಾಡು, ಆಮೇಲೆ ಕಾಡು ಕಡಿದ ಜಾಗ, ಕೊನೆಗೆ ದನ ಮೇಯುವ ಹುಲ್ಲು. ಮೂರಕ್ಕೂ ಅದೇ ಮಾತು. ಬೇಕರಿಯ ಆರ್ಚಿ ಲೀಗೆ ಇದನ್ನು ವಿವರಿಸಿದೆ. "ನಾನು ಮರವೋ ಹುಲ್ಲೋ ನೀನೇ ಒಂದು ತೀರ್ಮಾನ ಮಾಡ್ಕೊಂಡು ಬಾ ವಿಲ್ಫ್, ಅಲ್ಲೀವರೆಗೆ ಒಲೆ ನೋಡ್ಕೋತೀನಿ" ಅಂದ.

ಇಷ್ಟು ಬರೆದ ಮೇಲೆ, ನಿನಗೂ ನನಗೂ ಮಾತು ನಿಂತು ಹದಿನೆಂಟು ತಿಂಗಳಾಯಿತು ಎಂಬುದು ನೆನಪಿಗೆ ಬಂತು. ಹರಿದುಹಾಕಿ ಹೊಸದಾಗಿ, ಮರ್ಯಾದೆಯಾಗಿ ಶುರುಮಾಡೋಣವೆಂದರೆ ಮನೆಯಲ್ಲಿ ಇದೊಂದೇ ಒಳ್ಳೆಯ ಕಾಗದ ಉಳಿದಿದೆ. ಮನೆಯವಳು ಮೇಬೆಲ್ ಇದ್ದಾಗ ಕಾಗದ ಮುಗಿದದ್ದೇ ನನಗೆ ಗೊತ್ತಾಗುತ್ತಿರಲಿಲ್ಲ. ಹೀಗೇ ಓದಿಕೋ.

ಅಕ್ಟೋಬರಿನ ಬಿರುಗಾಳಿಯ ಸುದ್ದಿ ಕ್ರೋಮರಿಗೂ ಬಂದಿರುತ್ತದೆ. ಚರ್ಚಿನ ಅಂಗಳದ ಯೂ ಮರ ಬುಡಸಮೇತ ಕಿತ್ತು ಗೋರಿಕಲ್ಲುಗಳ ಮೇಲೆ ಮಲಗಿದೆ. ಮುರಿದ ಕಲ್ಲುಗಳ ಮೇಲಿನ ಹೆಸರುಗಳನ್ನು ಬರೆದಿಡುವ ಕೆಲಸವನ್ನು ಹಿಲ್ಡಾ ಅಂಡರ್‌ವುಡ್ ನನ್ನ ತಲೆಗೆ ಕಟ್ಟಿದಳು. ಪೋಸ್ಟಾಫೀಸು ಬಿಟ್ಟ ಮೇಲೆ ಅವಳೀಗ ಊರಸಭೆಯ ಅಧ್ಯಕ್ಷೆ. ಕುರ್ಚಿಯಲ್ಲಿ ಕೂತಾಗ ನನ್ನನ್ನು ಮಿಸ್ಟರ್ ನೋಕ್ಸ್ ಎನ್ನುತ್ತಾಳೆ, ಎದ್ದ ಮೇಲೆ ವಿಲ್ಫ್ ಎನ್ನುತ್ತಾಳೆ.

"ನೀವು ಕಾಲೇಜಲ್ಲಿ ಹಳೇ ಇಂಗ್ಲಿಷ್ ಓದಿದೋರು ಮಿಸ್ಟರ್ ನೋಕ್ಸ್. ಹೆಸರಿನ ಜೊತೆ ಅರ್ಥಾನೂ ಬರೀರಿ. ವಸಂತದ ಸಭೇಲಿ ಓದಬಹುದು."

"ಒಂದೂವರೆ ವರ್ಷ ಓದಿದ್ದು ಹಿಲ್ಡಾ. ಅದೂ ನಲವತ್ತೇಳನೇ ಇಸವೀಲಿ. ಅರ್ಧ ಮರೆತುಹೋಗಿದೆ."

"ಇನ್ನರ್ಧ ಬರೀರಿ."

ಹಾಗಾಗಿ ಮೂರು ವಾರದಿಂದ ಮಂಡಿಯೂರಿ ಪಾಚಿ ಕೆರೆಯುತ್ತಿದ್ದೇನೆ. ಕೆರೆದಂತೆಲ್ಲ ಕಲ್ಲಿನೊಳಗಿಂದ ಕಾಡು ಎದ್ದು ಬರುತ್ತದೆ. ಹರ್ಸ್ಟ್ ಎಂದರೆ ಮರ ಬೆಳೆದ ಗುಡ್ಡ. ಹೋಲ್ಟ್ ಎಂದರೂ ಕಾಡೇ. ಒಂದೇ ಜಾತಿಯ ಮರಗಳದ್ದು ಅಂತ ನೆನಪು, ಆಣೆ ಇಡಲಾರೆ. ಗ್ರೀವ್ಸ್ ತೋಪೋ ಪೊದೆಯೋ, ಪರೀಕ್ಷೆಯಲ್ಲಿ ಎರಡನ್ನೂ ಬರೆದು ಅರ್ಧ ಅಂಕ ತೆಗೆದುಕೊಂಡಿದ್ದೆ. ನ್ಯಾಶ್ ಮನೆತನದವರು ಆಶ್ ಮರದ ಪಕ್ಕದವರು. ನಾವು ನೋಕ್ಸ್‌ಗಳು ಓಕ್ ಮರಗಳ ಪಕ್ಕದವರು. ಸ್ಟಬ್ಸ್ ಪಾಪ, ಕಡಿದ ಮೋಟಿನ ಪಕ್ಕದವನು. ಯಾವನೂ ತನ್ನ ಹೆಸರನ್ನು ತಾನು ಇಟ್ಟುಕೊಂಡಿಲ್ಲ ನೋಡು. ಊರಿನಲ್ಲಿ ಇಬ್ಬರು ಜಾನ್ ಇದ್ದರು, ಯಾವ ಜಾನ್ ಅಂತ ಯಾರೋ ಕೇಳಿದರು, ಪಕ್ಕದ ಮನೆಯವನು ಕೈತೋರಿಸಿ, ಅಗೋ ಆ ಮರದ ಹತ್ತಿರದವನು ಅಂದ. ಆ ತೋರಿಸಿದ ಕೈ ಏಳುನೂರು ವರ್ಷದಿಂದ ಇಳಿದಿಲ್ಲ.

ನಿನ್ನ ಹೆಸರಿಗೆ ಬಂದು ನಿಂತಿದ್ದೇನೆ. ಶಾ ಎಂದರೆ ಎರಡು ಹೊಲಗಳ ನಡುವೆ ಕಡಿಯದೆ ಉಳಿಸಿದ ಮರಗಳ ಸಾಲು ಎಂದು ನನ್ನ ತಿಳಿವಳಿಕೆ. ನಿಮ್ಮಪ್ಪ ಏನಾದರೂ ಬೇರೆ ಹೇಳುತ್ತಿದ್ದರೆ ಬರೆದು ತಿಳಿಸು.

ಇನ್ನೊಂದು ವಿಷಯ. ಕೇಳುತ್ತಿಲ್ಲ, ಸುಮ್ಮನೆ ಹೇಳುತ್ತಿದ್ದೇನೆ. ವರ್ಷಕ್ಕೊಂದರಂತೆ ನಾವಿಬ್ಬರೂ ಕಡಿಯುತ್ತಿದ್ದ ಹೇಜಲ್ ಕಾಡಿನ ಎಂಟು ಪಾಲುಗಳಲ್ಲಿ ಐದನೆಯದನ್ನು ಬುಲ್‌ಡೋಜರ್ ಹಾಕಿ ಕಿತ್ತು ಪೈನ್ ನೆಡಬೇಕೆಂದು ಊರಸಭೆಯಲ್ಲಿ ಮಾತು ನಡೆದಿದೆ. ಏಪ್ರಿಲ್ ಹದಿನಾಲ್ಕಕ್ಕೆ ತೀರ್ಮಾನ. ಕಡಿದು, ಬೇಲಿ ಕಟ್ಟಿ, ನೋಡಿಕೊಳ್ಳುವ ಇಬ್ಬರು ಆಳು ಹೆಸರು ಕೊಟ್ಟರೆ ಬಿಡುತ್ತಾರಂತೆ. ಒಬ್ಬನ ಹೆಸರು ಆಗುವುದಿಲ್ಲವಂತೆ. ಊರಿನಲ್ಲಿ ಮಚ್ಚು ಹಿಡಿಯಲು ಬರುವವರು ಈಗ ಎಷ್ಟು ಮಂದಿ ಎಂಬುದು ನಿನಗೆ ಗೊತ್ತು.

ನಿಮ್ಮಕ್ಕ ಈಡಿಗೆ ನನ್ನ ನೆನಪು ಹೇಳು.

ವಿಲ್ಫ್


ಕ್ರೋಮರ್, ನಾರ್ಫೋಕ್
೨೯ ನವೆಂಬರ್ ೧೯೮೭

ವಿಲ್ಫ್,

ಕಾರ್ಡಿನಲ್ಲಿ ಜಾಗ ಕಡಿಮೆ. ಉಳಿಸಿದ ಮರಗಳ ಸಾಲಲ್ಲ. ಕಡಿಯೋಕೆ ಸೋಮಾರಿತನ ಆಗಿ ಬಿಟ್ಟ ಸಾಲು ಅಂತ ನಮ್ಮಪ್ಪ ಹೇಳ್ತಿದ್ದ. ಅವನಿಗೆ ಕಾಲೇಜು ಇರಲಿಲ್ಲ, ಹಾಗಾಗಿ ಸರಿಯಾಗಿ ಗೊತ್ತಿತ್ತು.

ಈಡಿ ಮದುವೆಯಾದದ್ದು ವುಡ್ಸ್ ಎಂಬ ಹೆಸರಿನವನನ್ನ. ಈ ಊರಲ್ಲಿ ಕಣ್ಣು ಹಾಯೋವರೆಗೆ ಒಂದು ಮರ ಇಲ್ಲ. ಇದನ್ನೂ ಬರ್ಕೋ ನಿನ್ನ ಪುಸ್ತಕದಲ್ಲಿ.

ನನ್ನ ಹೆಸರನ್ನ ಯಾವ ಪಟ್ಟಿಗೂ ಸೇರಿಸಬೇಡ. ಐದನೇ ಪಾಲಿನ ಬಗ್ಗೆ ಅಷ್ಟು ಬರೆದೆ, ಹೇಗಿದೆ ಅಂತ ಬರೀಲಿಲ್ಲ.

ಆರ್. ಶಾ


ಓಕ್ಸ್‌ಡೌನ್
೧೭ ಜನವರಿ ೧೯೮೮, ಭಾನುವಾರ

ರೂಬೆನ್,

ನಿನ್ನ ಕಾರ್ಡಿನ ಕೊನೆಯ ಸಾಲಿಗೆ ಉತ್ತರ ಕೊಡಲು ಏಳು ವಾರ ಬೇಕಾಯಿತು. ಹೇಗಿದೆ ಎಂದು ಬರೆಯಲು ನಾನು ನೋಡಿರಬೇಕಲ್ಲ. ದಾರಿಗೆ ಮರ ಬಿದ್ದಿದೆ, ಹೋಗಲಾಗುವುದಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಮರ ಬಿದ್ದದ್ದು ನಿಜ. ಅದಕ್ಕೂ ಮುಂಚೆ ಹದಿನೇಳು ತಿಂಗಳು ಹೋಗಿರಲಿಲ್ಲ, ಆಗ ದಾರಿ ಚೆನ್ನಾಗಿಯೇ ಇತ್ತು.

ಕ್ರಿಸ್‌ಮಸ್ ಆದ ಮೂರನೆಯ ದಿನ ಹಿಲ್ಡಾ ಬಾಗಿಲಿಗೆ ಬಂದಳು, ಗಂಡನ ಬೂಟು ಹಾಕಿಕೊಂಡು. ನಡೀರಿ ತೋರಿಸಿ, ಕಿತ್ತು ಹಾಕಬೇಕು ಅಂತಿರೋದನ್ನ ಕಣ್ಣಲ್ಲಾದರೂ ನೋಡಿರಬೇಕಲ್ಲ ಅಂದಳು. ಬೇರೆ ದಾರಿ ಇರಲಿಲ್ಲ, ಹೋದೆ.

ಮೂರು ಓಕ್ ಮರಗಳು ಅಡ್ಡಬಿದ್ದಿವೆ. ಬಾವಿಯ ಹತ್ತಿರದ್ದು, ನಿಮ್ಮಪ್ಪ ಕಡಿಯಬಾರದೆಂದು ಗುರುತು ಹಾಕಿದ್ದು, ಮತ್ತೆ ಆ ಸೊಟ್ಟನೆಯದು. ಸೊಟ್ಟನೆಯದು ಬಿದ್ದ ಮೇಲೆ ನೆಟ್ಟಗೆ ಕಾಣುತ್ತದೆ. ಅವುಗಳ ನಡುವೆ ಹೇಜಲ್ ಬುಡಗಳು ಹೇಗಿವೆ ಎಂದರೆ, ಗೇಣುದ್ದ ಚಿಗುರುವುದು, ಜಿಂಕೆ ತಿನ್ನುವುದು, ಮತ್ತೆ ಚಿಗುರುವುದು, ಮತ್ತೆ ತಿನ್ನುವುದು, ಹೀಗೆ ಎರಡು ಬೇಸಗೆ ಕಳೆದು ಗಂಟುಗಂಟಾಗಿ ಮುದುಕರ ಮುಷ್ಟಿಯ ಹಾಗೆ ಕೂತಿವೆ. ಹಿಲ್ಡಾ ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಇದು ಸತ್ತಿದೆ ಅಲ್ವಾ ವಿಲ್ಫ್?"

ನಾನು ಉಗುರಿನಿಂದ ತೊಗಟೆ ಕೆರೆದು ತೋರಿಸಿದೆ. ಒಳಗೆ ಹಸಿರಿತ್ತು.

"ಬದುಕಿರೋ ಮರಾನ ಬುಡಕ್ಕೇ ಕಡಿದ್ರಲ್ಲಪ್ಪ ನೀವು."

"ಕಡಿದ್ರೇನೇ ಅದು ಬದುಕೋದು. ಎಂಟು ವರ್ಷಕ್ಕೊಮ್ಮೆ ಕಡಿಯಬೇಕು. ಬುಡದಿಂದ ಇಪ್ಪತ್ತು ಕೋಲು ಬರುತ್ತೆ. ಕಡೀದೇ ಬಿಟ್ರೆ ಅರವತ್ತು ವರ್ಷಕ್ಕೆ ಸಾಯುತ್ತೆ, ಕಡೀತಾ ಇದ್ರೆ ಸಾವೇ ಇಲ್ಲ. ಈ ಬುಡ ನಮ್ಮಜ್ಜನ ಅಜ್ಜ ಕಡಿದಿದ್ದು."

"ಮತ್ತೆ ಇದ್ಯಾಕೆ ಬೆಳೀಲಿಲ್ಲ?"

"ಜಿಂಕೆ ತಿಂದ್ವು."

"ಬೇಲಿ ಇತ್ತಲ್ಲ. ಹೇಗೆ ಬಂದ್ವು?"

ಗಾಳಿಗೆ ಬೇಲಿ ಬಿದ್ದುಹೋಯಿತು ಅಂದೆ. ಜಿಂಕೆ ತಿಂದದ್ದು ಎಂಬತ್ತಾರರಲ್ಲಿ, ಗಾಳಿ ಬಂದದ್ದು ಎಂಬತ್ತೇಳರಲ್ಲಿ. ಅವಳು ಪೋಸ್ಟಾಫೀಸಿನಲ್ಲಿ ಮೂವತ್ತು ವರ್ಷ ದಿನಾಂಕದ ಮುದ್ರೆ ಒತ್ತಿದವಳು. ನನ್ನ ಮುಖ ನೋಡಿದಳು. ಎರಡು ಹೆಸರು, ಏಪ್ರಿಲ್ ಹದಿನಾಲ್ಕು ಅಂತ ಹೇಳಿ ಹೋದಳು.

ಅವಳಿಗೆ ಸುಳ್ಳು ಹೇಳಿ ಬಂದ ಮೇಲೆ ನಿನಗಾದರೂ ನಿಜ ಬರೆಯಬೇಕು. ಈ ಕಾಗದವನ್ನು ಅದಕ್ಕೇ ನಾಲ್ಕು ಸಲ ಶುರುಮಾಡಿದ್ದು.

ಆ ವರ್ಷ ಐದನೆಯ ಪಾಲಿನಲ್ಲಿ ಮೊದಲ ಬುಡ ಕಡಿದವನು ನಾನು. ಮೊದಲ ಬುಡ ಕಡಿದವನೇ ಬೇಲಿಯ ಕೊನೆಯ ಕಂಡಿ ಮುಚ್ಚಬೇಕು, ಮಾರ್ಚ್ ಇಪ್ಪತ್ತೈದರ ಲೇಡಿ ಡೇ ಕಳೆಯುವುದರೊಳಗೆ ಮುಚ್ಚಬೇಕು, ಇನ್ನೊಬ್ಬ ಅದನ್ನು ಮುಟ್ಟಬಾರದು. ನಮ್ಮಪ್ಪ ನಿಮ್ಮಪ್ಪನ ಕಾಲದಿಂದ ಹಾಗೇ. ಕೋಲೆಲ್ಲ ಗಾಡಿಯಲ್ಲಿ ಸಾಗಿಸಿ ಆಗಿತ್ತು. ಮುಚ್ಚುವುದೊಂದೇ ಬಾಕಿ. ಮಾರ್ಚಿನಲ್ಲಿ ಮೇಬೆಲ್‌ಳನ್ನು ಆಸ್ಪತ್ರೆಗೆ ಸೇರಿಸಿದೆ. ಬಸ್ಸಿನಲ್ಲಿ ಕೂತಾಗ ಕಂಡಿಯ ನೆನಪಾಗುತ್ತಿತ್ತು. ಇಳಿದಾಗ ಮರೆತಿರುತ್ತಿತ್ತು. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ, ದಿನಾ ಎರಡು ಸಲ ನೆನಪಾಗಿ ದಿನಾ ಎರಡು ಸಲ ಮರೆತೆ. ಮೇ ಒಂಬತ್ತಕ್ಕೆ ಅವಳು ಹೋದಳು. ಅಷ್ಟರಲ್ಲಿ ಚಿಗುರೂ ಹೋಗಿತ್ತು.

ಮಣ್ಣು ಮಾಡಿ ಬಂದು ಊರಸಭೆಯ ಹಾಲ್‌ನಲ್ಲಿ ಎಲ್ಲರೂ ಚಹಾ ಕುಡಿಯುವಾಗ ನೀನು ಬೂಟಿನ ಕೆಸರೂ ಒರೆಸದೆ ನಡೆದು ಬಂದೆ. ಎಲ್ಲರ ಮುಂದೆ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಮೇಬೆಲ್‌ನ ಉಳಿಸೋದು ನಿನ್ ಕೈಲಿರ್ಲಿಲ್ಲ ವಿಲ್ಫ್. ಕಾಡನ್ನ ಉಳಿಸೋದು ನಿನ್ ಕೈಲಿತ್ತು." ನಾನು ನಿನ್ನನ್ನು ಹೊರಗೆ ಹೋಗು ಅಂದೆ. ನೀನು ಊರೇ ಬಿಟ್ಟು ಹೋದೆ.

ಹೇಳಿದ್ದು ನಿಜ, ರೂಬೆನ್. ಹೇಳಬೇಕಾದ ದಿನ ಅದಲ್ಲ, ಅಷ್ಟೆ. ಕಂಡಿ ನನ್ನದು. ಮುಚ್ಚಲಿಲ್ಲ.

ಈಗ ದಿನಾ ಊಟವಾದ ಮೇಲೆ ಹೋಗಿ ಜಿಂಕೆ ತಿಂದ ಬುಡಗಳನ್ನು ಮತ್ತೆ ನೆಲಕ್ಕೆ ಕಡಿದು, ಪಕ್ಕದ ಪಾಲಿನ ಕೋಲು ತಂದು ಬೇಲಿ ಎಬ್ಬಿಸುತ್ತಿದ್ದೇನೆ. ಓಕ್‌ಗಳು ಬಿದ್ದದ್ದರಿಂದ ಒಂದು ಲಾಭವಾಗಿದೆ. ನಾವಿಬ್ಬರೂ ಹುಟ್ಟಿದಾಗಿನಿಂದ ಅಲ್ಲಿ ಇಷ್ಟು ಬಿಸಿಲು ಬಿದ್ದದ್ದಿಲ್ಲ. ನೂರ ನಲವತ್ತು ಬುಡಗಳಿವೆ, ಎಣಿಸಿದೆ. ಎಷ್ಟು ಚಿಗುರುತ್ತವೆ ಎಂದು ಏಪ್ರಿಲ್ ಮೊದಲು ಯಾರೂ ಹೇಳಲಾರರು. ಎರಡನೆಯ ಹೆಸರಿಲ್ಲದಿದ್ದರೆ ಚಿಗುರಿದರೂ ಅಷ್ಟೆ, ಬಿಟ್ಟರೂ ಅಷ್ಟೆ.

ಈ ಸಲ ಕೇಳುತ್ತಿದ್ದೇನೆ.

ವಿಲ್ಫ್


ಕ್ರೋಮರ್
೨೧ ಫೆಬ್ರವರಿ ೧೯೮೮

ವಿಲ್ಫ್ರೆಡ್,

ನಾನು ಈಡಿ. ನಿನಗೆ ಶೂ ದಾರ ಕಟ್ಟೋದು ಕಲಿಸಿದವಳು ನಾನು ಅನ್ನೋದನ್ನ ಮನಸ್ಸಲ್ಲಿಟ್ಕೊಂಡು ಓದು.

ನಿನ್ನ ಜನವರಿಯ ಕಾಗದಾನ ರೂಬೆನ್ ಓದಿ, ಮಡಿಸಿ ಜೇಬಲ್ಲಿಟ್ಟುಕೊಂಡು, ಸಮುದ್ರದ ದಂಡೆಗೆ ಹೋದ. ಊಟದ ಹೊತ್ತಿಗೆ ಬರಲಿಲ್ಲ. ಬಂದು ಮೂರು ದಿನ ನನ್ನ ಹತ್ತಿರ ಉಪ್ಪು ಕೊಡು ಅನ್ನೋದು ಬಿಟ್ರೆ ಏನೂ ಮಾತಾಡಲಿಲ್ಲ. ಆಮೇಲೆ ನಿನಗೆ ಉತ್ತರ ಬರೆದ. ಬರೆದದ್ದು ನಂಗೆ ಗೊತ್ತು, ಯಾಕಂದ್ರೆ ಅದು ಬ್ರೆಡ್ ಡಬ್ಬೀಲಿ, ಬ್ರೆಡ್ಡಿನ ಕೆಳಗಿದೆ. ಮೂರು ವಾರದಿಂದ ಅಲ್ಲೇ ಇದೆ. ನಾನು ಓದಿಲ್ಲ. ಅಂಟಿಸಿಬಿಟ್ಟಿದ್ದಾನೆ.

ದಿನಾ ಬೆಳಿಗ್ಗೆ ಡಬ್ಬಿ ತೆಗೀತಾನೆ, ಬ್ರೆಡ್ ಎತ್ತುತಾನೆ, ಅದನ್ನ ನೋಡ್ತಾನೆ, ಬ್ರೆಡ್ ಇಡ್ತಾನೆ. "ಏನೋ ಅದು?" ಅಂದೆ. "ಏನಿಲ್ಲ ಅಕ್ಕಾ, ಬ್ರೆಡ್ಡು" ಅಂದ.

ಅವನ ಬಲಭುಜ ಹೋಗಿದೆ, ನಿನಗೆ ತಿಳಿದಿರಲಿ. ಕಿಟಕಿ ಮುಂದೆ ಕೂತು ನನ್ನ ಪೊರಕೆ ಕೋಲನ್ನೆಲ್ಲ ಚೂಪು ಮಾಡಿಟ್ಟಿದ್ದಾನೆ. ಮನೇಲಿ ಇನ್ನು ಕೆತ್ತೋಕೆ ಮರ ಇಲ್ಲ. ಅವನಿಲ್ಲಿ ಇರೋದು ನಂಗೆ ಇಷ್ಟ, ಸುಳ್ಳು ಹೇಳಲ್ಲ. ಆದ್ರೆ ಅವನು ಇಲ್ಲಿಲ್ಲ.

ಈಡಿ ವುಡ್ಸ್


ಓಕ್ಸ್‌ಡೌನ್
೨೬ ಫೆಬ್ರವರಿ ೧೯೮೮

ರೂಬೆನ್,

ಬೂಷ್ಟು ಹಿಡಿಯುವ ಮೊದಲು ಕಳಿಸು.

ವಿಲ್ಫ್


ಕ್ರೋಮರ್
೨೭ ಮಾರ್ಚ್ ೧೯೮೮

ವಿಲ್ಫ್,

ಡಬ್ಬೀಲಿದ್ದದ್ದನ್ನ ಒಲೆಗೆ ಹಾಕಿದೆ. ಅದರಲ್ಲಿ ಅರ್ಧ ಮಾತ್ರ ಬರೆದಿದ್ದೆ. ಇದರಲ್ಲಿ ಪೂರ್ತಿ ಇದೆ. ನಂಗೆ ನಿನ್ನ ಹಾಗೆ ಸುತ್ತಿ ಬಳಸಿ ಬರೆಯೋಕೆ ಬರಲ್ಲ.

ಎಂಬತ್ತಾರರ ಏಪ್ರಿಲ್ ಎಂಟನೇ ತಾರೀಖು, ಮಂಗಳವಾರ, ನಾನು ಆರನೇ ಪಾಲಿಗೆ ಕೋಲು ಎಣಿಸೋಕೆ ಹೋಗುವಾಗ ಕಂಡಿ ತೆರೆದೇ ಇರೋದನ್ನ ನೋಡಿದೆ. ಲೇಡಿ ಡೇ ಕಳೆದು ಎರಡು ವಾರ ಆಗಿತ್ತು. ಮುಚ್ಚೋಕೆ ಬೇಕಾದ ಕಡ್ಡಿ ಹೊರೆ ಪಕ್ಕದಲ್ಲೇ ಇತ್ತು, ನೀನೇ ಕಟ್ಟಿಟ್ಟಿದ್ದು. ಹತ್ತು ನಿಮಿಷದ ಕೆಲಸ.

ನಾನು ಮುಚ್ಚಲಿಲ್ಲ. ಕಂಡಿ ವಿಲ್ಫ್‌ದು, ವಿಲ್ಫ್ ಮುಚ್ಚಲಿ ಅಂದ್ಕೊಂಡೆ. ಗುರುವಾರ ಮತ್ತೆ ಹೋದೆ, ತೆರೆದೇ ಇತ್ತು. ಜಿಂಕೆ ಹೆಜ್ಜೆ ಒಳಗೆ ಹೋಗಿತ್ತು, ಕಣ್ಣಾರೆ ನೋಡಿದೆ. ಆಗಲೂ ಮುಚ್ಚಲಿಲ್ಲ. ಅದರ ಮುಂದಿನ ವಾರ ಇನ್ನೊಂದು ಸಲ ಹೋದೆ. ಆಗ ಬೇಕು ಅಂತಲೇ ನೋಡೋಕೆ ಹೋಗಿದ್ದು.

ನಮ್ಮಪ್ಪ ಇನ್ನೊಬ್ಬನ ಕಂಡಿ ಮುಟ್ಟುತ್ತಿರಲಿಲ್ಲ ಅಂತ ಎರಡು ವರ್ಷದಿಂದ ನನಗೆ ನಾನೇ ಹೇಳ್ಕೊಳ್ತಾ ಇದ್ದೀನಿ. ಪದ್ಧತಿ ಸರಿ. ಆದ್ರೆ ಅವತ್ತು ನನ್ನ ಕೈ ಹಿಡಿದದ್ದು ಪದ್ಧತಿ ಅಲ್ಲ, ಸಿಟ್ಟು. ಮೇಬೆಲ್‌ಗೆ ಹುಷಾರಿಲ್ಲ ಅಂದಿದ್ದೆ ನೀನು. ಸಾಯೋಷ್ಟು ಅಂತ ಹೇಳಿರಲಿಲ್ಲ. ಐವತ್ತು ವರ್ಷ ಜೊತೇಲಿ ಕೆಲಸ ಮಾಡಿದೋನಿಗೆ ಅಷ್ಟೂ ಹೇಳಲಿಲ್ಲ. ದಿನಾ ಒಳ್ಳೇ ಕೋಟು ಹಾಕ್ಕೊಂಡು ಬಸ್ ಹತ್ತೋದು ನೋಡಿ, ಇವನಿಗೆ ಕೆಲಸ ಬೇಡವಾಗಿದೆ ಅಂದ್ಕೊಂಡೆ. ಕೆಡಲಿ, ಆಗ ಬುದ್ಧಿ ಬರುತ್ತೆ ಅಂದ್ಕೊಂಡೆ. ಕೆಡ್ತು.

ಹಾಲ್‌ನಲ್ಲಿ ನಿನಗೆ ಅಂದ ಮಾತಿದೆಯಲ್ಲ, ಅದನ್ನ ನಾನು ನನಗೆ ಅಂದ್ಕೋಬೇಕಾಗಿತ್ತು.

ಇಷ್ಟು ಗೊತ್ತಾದ ಮೇಲೂ ನಿನಗೆ ನನ್ನ ಹೆಸರು ಬೇಕಾದರೆ ಕೊಡು. ಬೇಡವಾದರೆ ಕೊಡಬೇಡ, ನಾನು ಯಾಕೆ ಅಂತ ಕೇಳಲ್ಲ. ಭುಜ ಮೇಲೆ ಏಳಲ್ಲ, ಮಚ್ಚು ಬೀಸೋಕಾಗಲ್ಲ. ಕೂತ್ಕೊಂಡು ಗೂಟ ಕೆತ್ತಬಲ್ಲೆ, ಬೇಲಿ ನೇಯಬಲ್ಲೆ.

ರೂಬೆನ್


ಓಕ್ಸ್‌ಡೌನ್
೧೭ ಏಪ್ರಿಲ್ ೧೯೮೮, ಭಾನುವಾರ

ರೂಬೆನ್,

ನಿನ್ನ ಕಾಗದ ಬಂದ ಮೇಲೆ ಹತ್ತು ದಿನ ನನಗೆ ನಿನ್ನ ಮೇಲೆ ಎಂಥ ಕೋಪವಿತ್ತೆಂದರೆ, ಈಸ್ಟರ್ ಪೂಜೆಯಲ್ಲಿ ನಿಂತು ಹಾಡುವಾಗಲೂ ಹಲ್ಲು ಕಚ್ಚಿಕೊಂಡೇ ಹಾಡಿದೆ. ಎರಡು ವರ್ಷ ನಾನು ಒಬ್ಬನೇ ಹೊತ್ತದ್ದನ್ನು ನೀನೂ ಹೊತ್ತಿದ್ದೆ, ಆದರೆ ಬೇರೆ ಊರಿನಲ್ಲಿ, ನನಗೆ ಹೇಳದೆ. ಆಮೇಲೆ ಬೇಲಿ ನೇಯುತ್ತಿದ್ದಾಗ ಒಂದು ಮಧ್ಯಾಹ್ನ ನೆನಪಾಯಿತು, ಮೇಬೆಲ್ ವಿಷಯ ನಾನು ನಿನಗೆ ಹೇಳದೇ ಇದ್ದದ್ದು ಯಾಕೆ ಅಂತ. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಹೆದರಿದ್ದೆ. ಅವಳೇ ಎರಡು ಸಲ ಕೇಳಿದ್ದಳು, ರೂಬೆನ್‌ಗೆ ಹೇಳಿದ್ಯಾ ಅಂತ. ಹೇಳಿದೆ ಅಂದಿದ್ದೆ. ಹಾಗಾಗಿ ನಿನ್ನ ಕಂಡಿ ನೀನು, ನನ್ನ ಕಂಡಿ ನಾನು, ಇಬ್ಬರೂ ತೆರೆದೇ ಬಿಟ್ಟಿದ್ದೆವು.

ಈಗ ಗುರುವಾರದ ಸಭೆಯ ಸುದ್ದಿ. ಹಾಲ್ ತುಂಬಿತ್ತು. ಮೊದಲು ನನ್ನ ಹೆಸರುಗಳ ಪ್ರಬಂಧ. ನಡುವೆ ಎರಡು ಸಲ ಕನ್ನಡಕ ಜಾರಿ ಜಾಗ ತಪ್ಪಿ, ಹೋಲ್ಟ್ ಮನೆತನಕ್ಕೆ ಹೇಳಬೇಕಾದ್ದನ್ನು ಹರ್ಸ್ಟ್ ಮನೆತನಕ್ಕೆ ಹೇಳಿದೆ. ಯಾರಿಗೂ ಬೇಜಾರಾಗಲಿಲ್ಲ, ಹರ್ಸ್ಟ್‌ಗಳು ಅದನ್ನೇ ಇಟ್ಟುಕೊಳ್ಳುತ್ತೇವೆ ಅಂದರು. ಅಂಡರ್‌ವುಡ್ ಎಂದರೆ ಮರಗಳ ನೆರಳಲ್ಲಿ ಬದುಕಿದವರು ಅಂತ ಓದುವಾಗ ಹಿಂದಿನ ಸಾಲಿನಿಂದ ಆರ್ಚಿ, "ಅವ್ರೇ ಕೀಳೋಕೆ ಹೊರಟಿದ್ದಾರಲ್ಲಪ್ಪ" ಅಂದ. ಹಿಲ್ಡಾ ತಲೆ ಎತ್ತದೆ, "ಲೀ ಅವರ ಮಾತು ಹುಲ್ಲಿನ ಕಡೆಯಿಂದ ಬಂದದ್ದು ಅಂತ ದಾಖಲಾಗಲಿ" ಅಂದಳು.

ಆಮೇಲೆ ಐದನೆಯ ಪಾಲು.

"ಎರಡು ಹೆಸರು ಕೇಳಿದ್ದೆ ಮಿಸ್ಟರ್ ನೋಕ್ಸ್."

ಹೆಸರು ಕೊಡುವ ಮೊದಲು ಒಂದು ಮಾತಿದೆ ಎಂದು ಎದ್ದು ನಿಂತೆ. ಗಾಳಿಗೆ ಬೇಲಿ ಬಿತ್ತೆಂದು ಅಧ್ಯಕ್ಷರಿಗೆ ಹೇಳಿದ್ದು ಸುಳ್ಳು, ಕಂಡಿ ನನ್ನದು, ನಾನು ಮುಚ್ಚಲಿಲ್ಲ, ಕಾಡು ಕೆಟ್ಟದ್ದು ನನ್ನಿಂದ ಎಂದು ಹೇಳಿದೆ. ಮೇಬೆಲ್ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಎಲ್ಲರೂ ಪಾಪ ಅನ್ನುತ್ತಿದ್ದರು, ಅದು ನನಗೆ ಬೇಕಿರಲಿಲ್ಲ. ಆಗ ಗಿಲ್ಬರ್ಟ್ ಸ್ಟಬ್ಸ್ ಇದ್ದಾನಲ್ಲ, ಎಲ್ಲದಕ್ಕೂ ಅವನದೊಂದು ಪ್ರಶ್ನೆ ಇರಲೇಬೇಕು.

"ಅಲ್ಲಪ್ಪ, ರೂಬೆನ್ ನೋಡ್ಲಿಲ್ವಾ? ಆ ತಿಂಗಳೆಲ್ಲ ಅವನು ಆ ದಾರೀಲೇ ಓಡಾಡ್ತಿದ್ದ."

ನಿನ್ನ ಕಾಗದ ನನ್ನ ಕೋಟಿನ ಒಳಜೇಬಿನಲ್ಲಿತ್ತು. ಅದನ್ನು ಮುಟ್ಟಿ ನೋಡಿಕೊಂಡೆ. ಹಿಲ್ಡಾ ಕೂತುಕೊಳ್ಳಿ ವಿಲ್ಫ್ ಅಂದಳು. ಸಭೆ ನಡೆಯುವಾಗ ವಿಲ್ಫ್ ಅಂದದ್ದು ಅದೇ ಮೊದಲು.

"ಅದನ್ನ ಅವನನ್ನೇ ಕೇಳು ಗಿಲ್ಬರ್ಟ್," ಅಂದೆ. "ನವೆಂಬರಿಗೆ ಕಡಿಯೋಕೆ ಬರ್ತಾನೆ. ಎರಡನೇ ಹೆಸರು ಬರ್ಕೊಳ್ಳಿ. ರೂಬೆನ್ ಶಾ."

ಮುದುಕಿ ಮಿಸೆಸ್ ಗ್ರೀವ್ಸ್ ಕಿವಿಯ ಹತ್ತಿರ ಕೈ ಇಟ್ಟುಕೊಂಡು, ಯಾವ ಶಾ ಅಂದಳು. ನಾಲ್ಕೈದು ಜನ ಒಟ್ಟಿಗೆ, ನಮ್ಮ ವಿಲ್ಫ್ ಜೊತೆಯವನು ಅಂದರು. ನನ್ನ ಪ್ರಬಂಧದಲ್ಲಿ ಇಪ್ಪತ್ತು ಪುಟ ಬರೆದು ಹೇಳಲು ಒದ್ದಾಡಿದ್ದು ಅಷ್ಟೇ ಆಗಿತ್ತು.

ಮೂರು ವರ್ಷ ಕೊಟ್ಟಿದ್ದಾರೆ. ಏಳು ಕೈ ಪರವಾಗಿ, ಎರಡು ವಿರುದ್ಧ. ಹಿಲ್ಡಾ ಪರವಾಗಿ ಎತ್ತಿದಳು. ನಾನು ಇನ್ನೊಂದು ಮಾತನ್ನೂ ಸಭೆಯ ಪುಸ್ತಕದಲ್ಲಿ ಬರೆಸಿದೆ: ಇನ್ನು ಮುಂದೆ ಕಂಡಿ ಯಾರದೇ ಇರಲಿ, ತೆರೆದಿರುವುದನ್ನು ಮೊದಲು ನೋಡಿದವನು ಮುಚ್ಚತಕ್ಕದ್ದು. ನಿಮ್ಮಪ್ಪ ನಮ್ಮಪ್ಪ ಇಬ್ಬರೂ ಗೋರಿಯಲ್ಲಿ ಮಗ್ಗುಲು ಬದಲಿಸಿರಬೇಕು. ಬದಲಿಸಲಿ, ಒಂದೇ ಮಗ್ಗುಲಲ್ಲಿ ತುಂಬಾ ದಿನವಾಯಿತು.

ನನ್ನ ಕೋಪ ಪೂರ್ತಿ ಹೋಗಿದೆ ಅಂತ ಬರೆದರೆ ನೀನು ನಂಬುವುದಿಲ್ಲ. ಸ್ವಲ್ಪ ಇದೆ. ನಿನಗೂ ಇರಬೇಕು. ನೀನು ಗೂಟ ಕೆತ್ತುತ್ತಾ ಕೂತಿರು, ನಾನು ಪಕ್ಕದಲ್ಲಿ ಕಡಿಯುತ್ತಿರುತ್ತೇನೆ, ಒಂದು ಪಾಲು ಮುಗಿಯುವುದರೊಳಗೆ ಬೈದು ಮುಗಿಸಬಹುದು. ನಿನ್ನ ಮನೆಯ ಬೀಗದ ಕೈ ಹಿಲ್ಡಾ ಹತ್ತಿರವೇ ಇದೆ. ಚಿಮಣಿಯಲ್ಲಿ ಕಾಗೆ ಗೂಡು ಕಟ್ಟಿದೆ. ಗಾಳಿಗೆ ನಾಲ್ಕು ಹೆಂಚು ಹಾರಿದ್ದವು, ಅದನ್ನು ನವೆಂಬರಿನಲ್ಲೇ ಹಾಕಿಸಿದ್ದೆ. ಯಾಕೆ ಹಾಕಿಸಿದೆ ಅಂತ ಕೇಳಬೇಡ. ನವೆಂಬರಿನವರೆಗೆ ಕಾಯಬೇಕೆಂದೂ ಇಲ್ಲ. ಈಡಿಯನ್ನೂ ಕರೆದುಕೊಂಡು ಬಾ, ಸ್ವಲ್ಪ ದಿನ ಮರ ನೋಡಲಿ.

ಬುಡಗಳ ಲೆಕ್ಕ ಕೇಳುತ್ತೀಯ, ಗೊತ್ತು. ನಿನ್ನೆ ಬೆಳಿಗ್ಗೆ ಎಣಿಸಿದೆ. ನೂರ ನಲವತ್ತರಲ್ಲಿ ತೊಂಬತ್ತೆರಡು ಕಣ್ಣು ಬಿಟ್ಟಿವೆ. ಇಲಿಯ ಕಿವಿಯಷ್ಟು ಎಲೆ, ಮೃದು ಅಂದರೆ ಮುಟ್ಟಲೂ ಹೆದರಿಕೆ. ಬಾವಿಯ ಹತ್ತಿರದ ಸಾಲು ಪೂರ್ತಿ ಬಂದಿದೆ. ತೆಂಕಣ ಮೂಲೆಯದು ಹೆಚ್ಚೇನೂ ಇಲ್ಲ, ಅಲ್ಲಿ ಪಕ್ಕದ ಬುಡದ ಕೊಂಬೆಯನ್ನೇ ಬಗ್ಗಿಸಿ ಮಣ್ಣಲ್ಲಿ ಹೂತು ಬೇರು ಬಿಡಿಸಬೇಕು. ಅದಕ್ಕೆ ನಿನ್ನ ಕೈಯೇ ಆಗಬೇಕು, ನಾನು ಬಗ್ಗಿಸಿದರೆ ಮುರಿಯುತ್ತದೆ. ಮೇಬೆಲ್ ಹೇಳುತ್ತಿದ್ದಳಲ್ಲ, ನಿನಗೆ ಬಗ್ಗಿಸೋಕೆ ಬರಲ್ಲ ವಿಲ್ಫ್, ಎಳೀತೀಯ ಅಷ್ಟೆ ಅಂತ, ಅವಳು ಹೇಳಿದ್ದು ಕೊಂಬೆಯ ವಿಷಯವೋ ಏನೋ, ಇವತ್ತಿಗೂ

ಸಾಲು ಕಾಣುತ್ತಿಲ್ಲ, ಕಣ್ಣಿನ ತೊಂದರೆ ಅಂದುಕೊಂಡೆ. ಅಲ್ಲ, ಬೆಳಕು ಹೋಗುತ್ತಿದೆ. ಬಿದ್ದ ಓಕ್ ಸಾಗಿಸುವವರು ಬೇಲಿಯಲ್ಲಿ ಕಂಡಿ ಮಾಡಿಕೊಂಡಿದ್ದರು. ನಿನ್ನೆ ಸಂಜೆ ಎಲ್ಲ ಸಾಗಿಸಿ ಹೋದರು, ಮುಚ್ಚಿದರೋ ಇಲ್ಲವೋ ತಿಳಿಯದು. ಜಿಂಕೆಗಳು ಬರುವ ಹೊತ್ತಾಯಿತು. ಹೋಗಿ ನೋಡಿ ಬರುತ್ತೇನೆ.

ವಿಲ್ಫ್